ಹಂಗಿನ ಸೀಟು

ಕನ್ನಡದಲ್ಲಿ ‘ಹಂಗು’ ಎಂಬ ಒಂದು ಶಬ್ದವಿದೆ. ಎರಡೇ ಅಕ್ಷರದ ಸಣ್ಣ ಶಬ್ದ. ಆದರೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಅಡಿಕೆಯ ಚೂರಿನಂತೆ ಸುಲಭಕ್ಕೆ ಬಿಡುವುದಿಲ್ಲ. ಸಾಲ ಬೇರೆ, ಋಣ ಬೇರೆ, ಹಂಗು ಬೇರೆ. ಸಾಲಕ್ಕೆ ಪತ್ರವಿದೆ, ಬಡ್ಡಿಯಿದೆ, ತೀರಿಸುವ ದಿನವಿದೆ. ಋಣಕ್ಕೆ ದೇವರು, ಪಿತೃಗಳು, ಅನ್ನ, ನೀರು ಎಂದು ದೊಡ್ಡ ದೊಡ್ಡ ಹೆಸರುಗಳ ನಂಟಿದೆ. ಅದು ತೀರದಿದ್ದರೂ ಯಾರೂ ಅವಮಾನವೆಂದು ತಿಳಿಯುವುದಿಲ್ಲ. ಹಂಗು ಹಾಗಲ್ಲ. ಕೊಟ್ಟವನು ಕೇಳುವುದಿಲ್ಲ, ಪಡೆದವನು ಮರೆಯುವಂತಿಲ್ಲ. ಸರ್ವಜ್ಞನಿಂದ ಹಿಡಿದು ನಮ್ಮ ಅಜ್ಜಿಯವರೆಗೆ ಹಂಗನ್ನು ಬೈಯದವರಿಲ್ಲ. ಆದರೂ ಯಾರ ಹಂಗೂ ಇಲ್ಲದೆ ಬದುಕಿದವರನ್ನು ನಾನಂತೂ ಕಂಡಿಲ್ಲ.

ಈ ಶಬ್ದದ ವಿಚಾರವಾಗಿ ನಾನು ಯೋಚಿಸತೊಡಗಿದ್ದು ಶಾಸ್ತ್ರಗ್ರಂಥಗಳನ್ನು ಓದಿ ಅಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ, ಇನ್ನೊಬ್ಬರ ಕಾರಿನ ಮುಂದಿನ ಸೀಟಿನಲ್ಲಿ ಕುಳಿತು. ಅಲ್ಲಿ ಕುಳಿತವನಿಗೆ ಯೋಚನೆ ಮಾಡಲು ಬೇಕಾದಷ್ಟು ಪುರುಸೊತ್ತು ಸಿಗುತ್ತದೆ ಎಂಬುದನ್ನು ಆ ದಾರಿಯಲ್ಲಿ ಓಡಾಡಿದವರಿಗೆ ಹೇಳಬೇಕಾಗಿಲ್ಲ.

ನನ್ನ ಮನೆ ಬನಶಂಕರಿಯ ಕಡೆ. ಕೆಲಸ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ, ಲೆಕ್ಕಪತ್ರದ ವಿಭಾಗ. ಹೆಚ್ಚುಕಡಿಮೆ 20 ಕಿಲೋಮೀಟರು ದಾರಿ. ಬಸ್ಸಿನಲ್ಲಿ ಹೋಗುವುದಾದರೆ ಒಮ್ಮೆ ಇಳಿದು ಇನ್ನೊಮ್ಮೆ ಹತ್ತಬೇಕು. ಎರಡನೆಯ ಬಸ್ಸಿಗೆ ಹತ್ತುವುದು ಎಂದರೆ ಹತ್ತುವವರೆಗೂ ಹೇಳಲಾಗದ ಮಾತು. 2014ರಲ್ಲಿ ನಮ್ಮ ಖರೀದಿ ವಿಭಾಗದ ಹಿರಿಯರೊಬ್ಬರು ನಮ್ಮ ಮನೆಯಿಂದ ಎರಡು ಬೀದಿ ಆಚೆಗೆ ಬಾಡಿಗೆಗೆ ಬಂದರು. ಅವರಿಗೆ ಒಂದು ವ್ಯಾಗನ್ಆರ್ ಇತ್ತು. “ಹೇಗೂ ಹೋಗ್ತೀನಲ್ಲ, ಬನ್ನಿ ಸ್ವಾಮಿ” ಎಂದರು. ಅಂದಿನಿಂದ ಅವರು ನಮ್ಮ ‘ಕಾರಿನ ಯಜಮಾನರು’.

ಈ ‘ಹೇಗೂ’ ಎಂಬುದನ್ನು ಸ್ವಲ್ಪ ಗಮನಿಸಿ ನೋಡಬೇಕು. ಉಪಕಾರ ಮಾಡುವವರ ಬಾಯಲ್ಲಿ ಇದಕ್ಕಿಂತ ಸಜ್ಜನಿಕೆಯ ಮಾತು ಇನ್ನೊಂದಿಲ್ಲ. ನಿನ್ನಿಂದ ನನಗೆ ಏನೂ ಖರ್ಚಿಲ್ಲ, ಆದ್ದರಿಂದ ನಿನಗೆ ಯಾವ ಭಾರವೂ ಬೇಡ ಎಂದು ಅದರ ಅರ್ಥ. ಮಾತು ಸುಳ್ಳೂ ಅಲ್ಲ. ಎಂಟುನೂರು ಕೆ.ಜಿ. ತೂಕದ ಕಬ್ಬಿಣ ಎಪ್ಪತ್ತು ಕೆ.ಜಿ. ತೂಕದ ಒಬ್ಬ ಮನುಷ್ಯನನ್ನು ಹೊತ್ತು ಹೇಗೂ ಹೋಗುತ್ತಿತ್ತು. ನಾನು ಹತ್ತಿದರೆ ಪೆಟ್ರೋಲು ಒಂದೆರಡು ಚಮಚ ಹೆಚ್ಚು ಸುಡಬಹುದು. ಅವರು ನನ್ನ ಬೀದಿಗೆ ತಿರುಗುವುದಕ್ಕೆ ಐದು ನಿಮಿಷ. ಅಷ್ಟೇ ಖರ್ಚು. ಕೊಡುವವನಿಗೆ ಏನೂ ಅಲ್ಲದ್ದು ಪಡೆಯುವವನಿಗೆ ದಿನಕ್ಕೆ ಒಂದೂವರೆ ಗಂಟೆಯ ಆಯುಷ್ಯ. ಹಾಗಾದರೆ ಇದರ ಬೆಲೆಯನ್ನು ಯಾವ ಕಡೆಯಿಂದ ಅಳೆಯಬೇಕು? ಕೊಟ್ಟವನ ಖರ್ಚಿನಿಂದಲೆ, ಪಡೆದವನ ಲಾಭದಿಂದಲೆ? ಲೆಕ್ಕದ ವಿಭಾಗದಲ್ಲಿ ತಲೆ ಹಣ್ಣಾದ ನನಗೂ ಇದು ಸುಲಭದ ಪ್ರಶ್ನೆಯಾಗಿ ತೋರಲಿಲ್ಲ.

ತಿಂಗಳು ಕಳೆದ ಮೇಲೆ ಪೆಟ್ರೋಲಿಗೆಂದು ಹಣ ಕೊಡಲು ಹೋದೆ. ಅವರ ಮುಖ ಸಣ್ಣದಾಯಿತು. “ಏನ್ ಸ್ವಾಮಿ, ನನ್ನನ್ನೂ ಟ್ಯಾಕ್ಸಿ ಡ್ರೈವರ್ ಮಾಡಿಬಿಡ್ತೀರಾ?” ಎಂದರು. ಮತ್ತೆ ಆ ಮಾತು ಎತ್ತಲಿಲ್ಲ. ಅವರು ನಿಜಕ್ಕೂ ದೊಡ್ಡ ಮನಸ್ಸಿನವರು, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಳೆಯಲ್ಲಿ ನಿಂತವರನ್ನು ಕಂಡರೆ ಅವರ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಆದರೆ ಟ್ಯಾಕ್ಸಿ ಡ್ರೈವರ್ ಎಂಬುದು ಅವರ ಆ ವಾಕ್ಯದಲ್ಲಿ ಒಂದು ಬೈಗುಳವಾಗಿತ್ತು ಎನ್ನುವುದನ್ನೂ ನಾನು ಗಮನಿಸದೆ ಇರಲಿಲ್ಲ. ಔದಾರ್ಯದ ಒಳಗೂ ಒಂದು ಅಂತಸ್ತು ಕುಳಿತಿರುತ್ತದೆ.

ಪುಕ್ಕಟೆ ಪ್ರಯಾಣಕ್ಕೆ ಟಿಕೆಟ್ಟಿಲ್ಲ ಎಂದು ಯಾರು ಹೇಳಿದರು? ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದೂವರೆ ಗಂಟೆ ನಾನು ಹೂಂಗುಟ್ಟುತ್ತಿದ್ದೆ. ಅವರಿಗೆ ಇಷ್ಟವಾದ ಹಾಡು ನನಗೂ ಇಷ್ಟ. ಅವರಿಗೆ ಸೆಕೆಯಾದರೆ ನನಗೂ ಸೆಕೆ. ಇವೆಲ್ಲ ಸಣ್ಣ ಸಂಗತಿಗಳು, ಸಂಸಾರಸ್ಥರಿಗೆ ಹೊಸದೇನಲ್ಲ. 2021ರ ಏಪ್ರಿಲ್ ತಿಂಗಳ ಸಂಗತಿ ಮಾತ್ರ ಸಣ್ಣದಲ್ಲ. ಆರನೆಯ ವೇತನ ಆಯೋಗದ ಪ್ರಕಾರ ಸಂಬಳ ಬೇಕೆಂದು ಸರ್ಕಾರಿ ಬಸ್ಸಿನ ನೌಕರರು 7ನೇ ತಾರೀಖಿನಿಂದ ಮುಷ್ಕರ ಹೂಡಿದ್ದರು. ರಸ್ತೆಯಲ್ಲಿ ಬಿ.ಎಂ.ಟಿ.ಸಿ. ಬಸ್ಸೇ ಇಲ್ಲ. ಯಜಮಾನರು ಸ್ಟೀರಿಂಗು ಕುಟ್ಟಿ, “ಇವರನ್ನೆಲ್ಲ ಒಂದೇ ಆರ್ಡರಿನಲ್ಲಿ ಮನೆಗೆ ಕಳಿಸಬೇಕು. ಕೂತು ತಿನ್ನೋ ಜನ” ಎಂದರು. ನನ್ನ ಸ್ವಂತ ಅಣ್ಣ ಮೂವತ್ತು ವರ್ಷ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ನಿಂತೇ ಟಿಕೆಟ್ಟು ಹರಿದವನು. ಮೊಣಕಾಲು ಸವೆಸಿಕೊಂಡು ನಿವೃತ್ತನಾದವನು. ಬಾಯಿಯ ತುದಿಗೆ ಬಂದ ಮಾತು ಅಲ್ಲಿಯೇ ನಿಂತಿತು. ಈ ಕಾರಿನಿಂದ ಇಳಿದರೆ ನಾಳೆ ಕೆಲಸಕ್ಕೆ ಹೋಗಲು ಬಸ್ಸೂ ಇಲ್ಲವಲ್ಲ! ಕೊರೋನಾದ ಕಾಲ, ಮುಖಕ್ಕೆ ಮಾಸ್ಕ್ ಇತ್ತು. ಮುಖ ಕಾಣದಿದ್ದುದು ಒಂದು ಉಪಕಾರವೇ ಆಯಿತು. ಅದನ್ನು ಹೇಡಿತನವೆಂದು ನಾನು ಅಂದೂ ತಿಳಿಯಲಿಲ್ಲ, ಇಂದೂ ತಿಳಿಯುವುದಿಲ್ಲ. ಅದು ನಾನು ತೆತ್ತ ಟಿಕೆಟ್ಟು. ಏಳು ವರ್ಷದಿಂದ ಚಿಲ್ಲರೆಯಲ್ಲಿ ಕೊಡುತ್ತಿದ್ದುದು, ಅಂದು ದೊಡ್ಡ ನೋಟಿನಲ್ಲಿ ಕೊಡಬೇಕಾಯಿತು, ಅಷ್ಟೆ.

ಅದೇ ವರ್ಷದ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿತು. ಆ ಮಳೆಗಾಲದಲ್ಲಿ ನಮ್ಮ ಕಾರಿಗೆ ಇನ್ನಿಬ್ಬರು ಸೇರಿಕೊಂಡರು. ಒಬ್ಬ ಧಾರವಾಡದ ಕಡೆಯ ಹುಡುಗ, ಆಗಷ್ಟೇ ಕೆಲಸಕ್ಕೆ ಸೇರಿದ ಎಂಜಿನಿಯರು. ಮೊದಲ ದಿನವೇ ಯಜಮಾನರು “ಯಾವ ಕಡೆಯವರಪ್ಪಾ, ಮನೆಯಲ್ಲಿ ಏನು ಮಾಡ್ತಾರೆ, ಮನೆದೇವರು ಯಾವುದು” ಎಂದು ಹತ್ತಿರಹತ್ತಿರಕ್ಕೆ ಬಲೆ ಎಳೆದರು. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವನ ಕುಲ ಯಾರಿಗೂ ಬೇಕಾಗುವುದಿಲ್ಲ. ಕಾರಿಗೆ ಹತ್ತಿದವನದು ಬೇಕಾಗುತ್ತದೆ. ಹುಡುಗ ಜಾಣ. “ಧಾರವಾಡದ ಕಡೆಯಾಂವರೀ ಸರ, ಫೇಡೆ ಬೇಕಾದ್ರ ತರ್ತೀನಿ” ಎಂದು ತಪ್ಪಿಸಿಕೊಂಡ.

ಇನ್ನೊಬ್ಬರು ಪಕ್ಕದ ಕಂಪನಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ಮೇಡಂ ಎಂದೇ ಕರೆಯುತ್ತಿದ್ದೆವು. ಅವರು ಹತ್ತುವ ಮೊದಲೇ ಒಂದು ಷರತ್ತು ಹಾಕಿದರು: “ನಾನು ಬರೋದಾದ್ರೆ ಲೆಕ್ಕ ಇಟ್ಟುಕೊಂಡು ಬರ್ತೀನಿ ಸರ್. ಇಲ್ಲಾಂದ್ರೆ ನನಗೆ ಬಸ್ಸೇ ಸರಿ.” ಯಜಮಾನರು ಹಳೆಯ ರಾಗ ಎತ್ತಿದರು. ಮೇಡಂ ಜಗ್ಗಲಿಲ್ಲ. ಅವರು ಏಕೆ ಜಗ್ಗಲಿಲ್ಲ ಎನ್ನುವುದು ನಮಗೆ ಗಂಡಸರಿಗೆ ತಕ್ಷಣ ಹೊಳೆಯುವ ಸಂಗತಿಯಲ್ಲ. ನಾನು ಏಳು ವರ್ಷ ಪುಕ್ಕಟೆ ಓಡಾಡಿದಾಗ ಬೀದಿಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಒಬ್ಬ ಹೆಂಗಸು ಪರಗಂಡಸಿನ ಕಾರಿನಲ್ಲಿ ಏಳು ದಿನ ಪುಕ್ಕಟೆ ಓಡಾಡಿದರೆ ಬೀದಿಯ ಬಾಯಲ್ಲಿ ಮಾತುಗಳು ಸಿದ್ಧವಾಗಿರುತ್ತವೆ. ನನಗೆ ದಾಕ್ಷಿಣ್ಯವಾಗಿದ್ದದ್ದು ಅವರಿಗೆ ಅಪಾಯ. ದಿನಕ್ಕೆ ಇಷ್ಟು ಎಂದು ಕೊಟ್ಟುಬಿಟ್ಟರೆ ಅದು ಸೀಟು. ಕೊಡದಿದ್ದರೆ ಅದಕ್ಕೆ ಯಾರು ಬೇಕಾದರೂ ಏನು ಬೇಕಾದರೂ ಹೆಸರಿಡಬಹುದು. ಹಣ ಸಂಬಂಧಗಳನ್ನು ಕೆಡಿಸುತ್ತದೆ ಎಂದು ಹೇಳುವವರು ಸಾಮಾನ್ಯವಾಗಿ ಕಾರಿದ್ದವರು, ಅದರಲ್ಲೂ ಗಂಡಸರು.

ಅಂತೂ ಒಂದು ನೋಟುಪುಸ್ತಕ ಬಂತು. ಹೋಗಿಬರುವುದು 40 ಕಿಲೋಮೀಟರು. ಆ ಟ್ರಾಫಿಕ್ಕಿನಲ್ಲಿ ಕಾರು ಲೀಟರಿಗೆ ಹದಿಮೂರೊ ಹದಿನಾಲ್ಕೊ ಕೊಡುತ್ತದೆ; ದಿನಕ್ಕೆ ಮೂರು ಲೀಟರು, ಮುನ್ನೂರು ರೂಪಾಯಿ. 2010ರಲ್ಲಿ ಶುರುವಾದ ಮೇಲ್ಸೇತುವೆಯ ಟೋಲು ಬೇರೆ. ಟೋಲನ್ನು ಯಜಮಾನರು ಹಟ ಹಿಡಿದು ತಮ್ಮ ಪಾಲಿಗೇ ಇಟ್ಟುಕೊಂಡರು, ಇರಲಿ. ಮುನ್ನೂರನ್ನು ಹಂಚುವುದು ಹೇಗೆ? ಧಾರವಾಡದ ಹುಡುಗ, “ಗಾಡಿ ಅವರದು, ಹೊಡಿಯೂದು ಅವರದು. ಎಣ್ಣಿ ನಮ್ಮದು ಇರ್ಲಿ ಬಿಡ್ರಿ ಸರ” ಎಂದ. ಮೂವರೂ ನೂರುನೂರು ಕೊಡುವುದು. ಟೈರಿನ ಸವಕಳಿ, ಇನ್ಷೂರೆನ್ಸು, ಡ್ರೈವರಿನ ದುಡಿಮೆ ಎಲ್ಲವನ್ನೂ ಹಿಡಿದರೆ ಅದೇ ನ್ಯಾಯವೆಂದು ನನಗೂ ಅನ್ನಿಸಿತು. ಯಜಮಾನರು ಸುತರಾಂ ಒಪ್ಪಲಿಲ್ಲ. “ಆಗ ನಾನು ನಿಮ್ಮ ದುಡ್ಡಲ್ಲಿ ಪುಕ್ಕಟೆ ಆಫೀಸಿಗೆ ಹೋದ ಹಾಗಾಯ್ತು. ನನಗೆ ಯಾರ ಹಂಗೂ ಬೇಡ” ಎಂದರು. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಏಳು ವರ್ಷ ನನಗೆ ‘ಹಂಗೇನು ಸ್ವಾಮಿ ಇದರಲ್ಲಿ’ ಎಂದು ಹೇಳಿದವರಿಗೆ ಹಂಗಿನ ರುಚಿ ಎಷ್ಟು ಚೆನ್ನಾಗಿ ಗೊತ್ತಿತ್ತು! ಕೊನೆಗೆ ನಾಲ್ವರಿಗೂ ಸಮಪಾಲು, ತಲೆಗೆ 75 ಎಂದಾಯಿತು.

ಆ ಎಪ್ಪತ್ತೈದು ರೂಪಾಯಿಯಿಂದ ನಾನು ಕೊಂಡುಕೊಂಡದ್ದು ಸೀಟನ್ನಲ್ಲ, ಸೀಟು ಮೊದಲೂ ಇತ್ತು. ಕೊಂಡದ್ದು ‘ಇಲ್ಲ’ ಎನ್ನುವ ಒಂದು ಶಬ್ದವನ್ನು. 2023ರ ಸೆಪ್ಟೆಂಬರ್ 11ರಂದು ಖಾಸಗಿ ಬಸ್ಸು, ಆಟೊ, ಟ್ಯಾಕ್ಸಿಯವರು ಬೆಂಗಳೂರು ಬಂದ್ ಮಾಡಿದರು. ಬಿಳಿ ಬೋರ್ಡಿನ ಬೈಕುಗಳು ಟ್ಯಾಕ್ಸಿಗಳಾಗಿ ತಮ್ಮ ಅನ್ನ ಕಸಿಯುತ್ತಿವೆ ಎನ್ನುವುದು ಅವರ ದೂರುಗಳಲ್ಲಿ ಒಂದು. ಯಜಮಾನರು ಹಳೆಯ ಮಾತನ್ನೇ ಆಡಿದರು. ನಾನು ಬೊಮ್ಮನಹಳ್ಳಿಯ ಹತ್ತಿರ ಬಾಯಿ ತೆರೆದವನು ಎಲೆಕ್ಟ್ರಾನಿಕ್ ಸಿಟಿಯ ತನಕ ಮುಚ್ಚಲಿಲ್ಲ. ಅಣ್ಣನ ಮೊಣಕಾಲಿನ ವಿಷಯವೂ ಬಂತು. ಯಜಮಾನರು ಸಿಟ್ಟಿನಿಂದ ರೇಡಿಯೋದ ಧ್ವನಿ ಏರಿಸಿದರು. ಹಿಂದಿನ ಸೀಟಿನಲ್ಲಿ ಹುಡುಗ ನಿದ್ದೆ ಬಂದವನಂತೆ ನಟಿಸಿದ. ಮಾರನೆಯ ದಿನ ಬೆಳಿಗ್ಗೆ ಏಳು ನಲವತ್ತಕ್ಕೆ ಸರಿಯಾಗಿ ನಮ್ಮ ಮನೆಯ ಮುಂದೆ ಹಾರ್ನು ಕೇಳಿಸಿತು. ಹಾರ್ನು ಎಂದಿಗಿಂತ ಸ್ವಲ್ಪ ಉದ್ದವಿತ್ತು ಎನ್ನುವುದನ್ನು ಬಿಟ್ಟರೆ ಬೇರೆ ವ್ಯತ್ಯಾಸವಿರಲಿಲ್ಲ.

ತಮಾಷೆಯೆಂದರೆ, ಮೂರು ವಾರ ಕಳೆಯುವಷ್ಟರಲ್ಲಿ, ಅಕ್ಟೋಬರ್ ಆರಂಭಕ್ಕೆ, ಕಾರ್ ಪೂಲಿಂಗ್ ನಿಷೇಧವಂತೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಬಿಳಿ ಬೋರ್ಡಿನ ಕಾರುಗಳನ್ನು ಆ್ಯಪುಗಳ ಮೂಲಕ ಬಾಡಿಗೆಗೆ ಓಡಿಸುವುದರ ಬಗ್ಗೆ ಸಾರಿಗೆ ಇಲಾಖೆಯ ಆಕ್ಷೇಪ. ಯಜಮಾನರು ನೋಟುಪುಸ್ತಕವನ್ನು ಡ್ಯಾಶ್‌ಬೋರ್ಡಿನಿಂದ ತೆಗೆಸಿ ಮೇಡಂ ಬ್ಯಾಗಿಗೆ ಹಾಕಿಸಿದರು. ನಾನು ಕುತೂಹಲಕ್ಕೆ 1988ರ ಮೋಟಾರು ವಾಹನ ಕಾಯ್ದೆಯನ್ನು ತಿರುವಿಹಾಕಿದೆ. ‘ಬಾಡಿಗೆ ಅಥವಾ ಪ್ರತಿಫಲಕ್ಕಾಗಿ’ ಜನರನ್ನು ಸಾಗಿಸುವ ವಾಹನವೇ ಸಾರ್ವಜನಿಕ ಸೇವಾ ವಾಹನ. ಅದಕ್ಕೆ ಪರ್ಮಿಟ್ಟು ಬೇಕು, ಹಳದಿ ಬೋರ್ಡು ಬೇಕು. ಹಳದಿ ಬೋರ್ಡಿನಲ್ಲೂ ಭೇದಗಳಿವೆ. ಒಂದು ಒಪ್ಪಂದದ ಮೇಲೆ ಹೊರಟ ವಾಹನ ದಾರಿಯಲ್ಲಿ ಬೇರೆಯವರನ್ನು ಹತ್ತಿಸಿ ಇಳಿಸುವಂತಿಲ್ಲ. ಹಾಗೆ ಬಿಡಿಬಿಡಿ ದರ ಪಡೆದು ಹತ್ತಿಸಿ ಇಳಿಸುವುದು ಬಸ್ಸಿನ ಹಕ್ಕು. 2017ರಲ್ಲಿ ಟ್ಯಾಕ್ಸಿ ಕಂಪನಿಗಳ ಹಂಚಿಕೆಯ ಸವಾರಿಗೆ ಇಲಾಖೆ ಇದೇ ಕಾರಣಕ್ಕೆ ಅಡ್ಡ ನಿಂತಿತ್ತು. ಸ್ವಂತ ಕಾರಿನ ವಿಮೆಯ ಪಾಲಿಸಿಯಲ್ಲೂ ಬಾಡಿಗೆಗೆ ಓಡಿಸಿದರೆ ರಕ್ಷಣೆಯಿಲ್ಲ ಎಂಬ ಸಾಲು ಇರುತ್ತದೆ. ಯಾರೂ ಓದುವುದಿಲ್ಲ.

ಟ್ಯಾಕ್ಸಿಯವರ ಪಕ್ಷದಲ್ಲಿ ನ್ಯಾಯವಿಲ್ಲವೆಂದು ನಾನು ಹೇಳಲಾರೆ. ತೆರಿಗೆ ಕಟ್ಟಿ, ಎಫ್.ಸಿ. ಮಾಡಿಸಿ, ಬ್ಯಾಡ್ಜು ಪಡೆದು ದುಡಿಯುವವನ ಪಕ್ಕದಲ್ಲಿ ಇವು ಯಾವುವೂ ಇಲ್ಲದವನು ಲಾಭಕ್ಕೆ ಜನರನ್ನು ಹತ್ತಿಸಿಕೊಂಡರೆ ಅದು ಹಂಚಿಕೆಯಲ್ಲ, ಅನ್ನಕ್ಕೆ ಕೈಹಾಕಿದಂತೆ. ಆದರೆ ನಮ್ಮ ನೋಟುಪುಸ್ತಕದಲ್ಲಿ ಲಾಭ ಎಂಬ ಕಾಲಮ್ಮೇ ಇರಲಿಲ್ಲ. ಕಾಯ್ದೆಯ ಶಬ್ದಗಳನ್ನು ಓದಿದಷ್ಟೂ ನನಗೆ ಕಂಡದ್ದು ಎರಡೇ ಬಣ್ಣ: ಒಂದೋ ಉಪಕಾರ, ಇಲ್ಲವೆ ಬಾಡಿಗೆ. ಇವೆರಡರ ನಡುವೆ ಮನುಷ್ಯರು ತಲೆತಲಾಂತರದಿಂದ ನಡೆಸಿಕೊಂಡು ಬಂದ ಮೂರನೆಯ ಒಂದು ವ್ಯವಹಾರವಿದೆ. ಅದಕ್ಕೆ ಬೋರ್ಡೇ ಇಲ್ಲ.

ಅದಕ್ಕೆ ಹೆಸರು ಮಾತ್ರ ನಮ್ಮಲ್ಲಿದೆ: ಮುಯ್ಯಿ. ಮದುವೆ ಮನೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕುಳಿತು ಯಾರು ಎಷ್ಟು ಮುಯ್ಯಿ ಮಾಡಿದರೆಂದು ಬರೆಯುವುದನ್ನು ನೀವು ನೋಡಿರಬಹುದು. ಹೊಲಗದ್ದೆಗಳಲ್ಲಿ ಮುಯ್ಯಾಳು ಎನ್ನುವುದಿತ್ತು. ಇಂದು ನಿನ್ನ ಗದ್ದೆಯ ನಾಟಿಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಕೂಲಿಯಲ್ಲ, ದಾನವೂ ಅಲ್ಲ. ಮುಯ್ಯಿ ತೀರಿಸಬೇಕು, ಆದರೆ ಅಂದೇ ತೀರಿಸಿದರೆ ಮುಖಕ್ಕೆ ಹೊಡೆದಂತೆ. ಸ್ವಲ್ಪ ಕಾಲ ಬಿಡಬೇಕು, ಸ್ವಲ್ಪ ಹೆಚ್ಚುಕಡಿಮೆಯೂ ಆಗಬೇಕು. ನಾಲ್ಕು ಕಾರುಗಳಿರುವ ನಾಲ್ವರು ವಾರಕ್ಕೊಬ್ಬರಂತೆ ಕಾರು ತೆಗೆದರೆ ಅದು ಅಪ್ಪಟ ಮುಯ್ಯಾಳು. ಅಲ್ಲಿ ರೊಕ್ಕದ ಮಾತು ಬೇಕಾಗಿಯೇ ಇಲ್ಲ. ತೊಡಕಿರುವುದು ಇಲ್ಲಿ: ಮುಯ್ಯಾಳು ನಡೆಯಬೇಕಾದರೆ ಇಬ್ಬರಿಗೂ ಗದ್ದೆಯಿರಬೇಕು. ಗದ್ದೆಯಿಲ್ಲದವನು ಇನ್ನೊಬ್ಬರ ಗದ್ದೆಗೆ ಹೋದರೆ ಒಂದೋ ಕೂಲಿ, ಇಲ್ಲವೆ ಬಿಟ್ಟಿ. ಕಾರಿಲ್ಲದ ನನಗೆ ಸವಾರಿಯನ್ನು ಸವಾರಿಯಾಗಿ ತೀರಿಸುವ ದಾರಿಯೇ ಇಲ್ಲ. ಆಗ ಆ ಎಪ್ಪತ್ತೈದು ರೂಪಾಯಿಯೇ ನನ್ನ ಗದ್ದೆ.

ಹಾಗಾದರೆ ಹಂಗು ಹುಟ್ಟುವುದು ಪಡೆದುದರಿಂದಲೊ, ಅಥವಾ ಅಗತ್ಯ ಒಂದೇ ಕಡೆ ಇರುವುದರಿಂದಲೊ? ಇದಕ್ಕೆ ದೂರದ ಎರಡು ಊರುಗಳು ಒಳ್ಳೆಯ ಸಾಕ್ಷಿ ಹೇಳುತ್ತವೆ. ಅಮೆರಿಕದ ವಾಷಿಂಗ್ಟನ್ನಿಗೆ ವರ್ಜೀನಿಯದ ಕಡೆಯಿಂದ ಬರುವ ಹೆದ್ದಾರಿಯಲ್ಲಿ ಹೆಚ್ಚು ಜನರಿರುವ ಕಾರುಗಳಿಗೆಂದೇ ಪ್ರತ್ಯೇಕ ಪಥವಿದೆ. ಒಬ್ಬನೇ ಹೊರಟವನಿಗೆ ಜನ ಬೇಕು. ಬಸ್ಸಿಗೆ ನಿಂತವರಿಗೆ ಕಾರು ಬೇಕು. 1970ರ ದಶಕದಿಂದ ಅಲ್ಲಿ ಅಪರಿಚಿತರು ಸಾಲಾಗಿ ನಿಲ್ಲುತ್ತಾರೆ, ಕಾರಿನವನು ಬಂದು ಊರಿನ ಹೆಸರು ಹೇಳುತ್ತಾನೆ, ಇಬ್ಬರು ಹತ್ತಿಕೊಳ್ಳುತ್ತಾರೆ. ಹಣದ ಮಾತಿಲ್ಲ. ಡ್ರೈವರು ಮಾತಾಡಿಸದೆ ಹತ್ತಿದವರು ಮಾತಾಡಬಾರದೆಂಬ ಕಟ್ಟಳೆಯೂ ಇದೆಯಂತೆ. ಇಬ್ಬರಿಗೂ ಇಬ್ಬರ ಅಗತ್ಯವಿರುವಾಗ ಹಂಗಿಗೆ ಜಾಗವೆಲ್ಲಿ? ಇಂಡೊನೇಷಿಯಾದ ಜಕಾರ್ತದ್ದು ಇನ್ನೂ ವಿಚಿತ್ರ. ಅಲ್ಲಿ 1992ರಿಂದ 2016ರವರೆಗೆ ಮುಖ್ಯ ರಸ್ತೆಗಳಿಗೆ ದಟ್ಟಣೆಯ ಹೊತ್ತಿನಲ್ಲಿ ಮೂವರಿಲ್ಲದ ಕಾರಿಗೆ ಪ್ರವೇಶವಿರಲಿಲ್ಲ. ರಸ್ತೆಯ ಬದಿಯಲ್ಲಿ ಬಡವರು ಸಾಲಾಗಿ ನಿಂತಿರುತ್ತಿದ್ದರು. ‘ಜಾಕಿ’ಗಳೆಂದು ಅವರಿಗೆ ಹೆಸರು. ಕಾರಿನವರು ಅವರಿಗೇ ಹಣ ಕೊಟ್ಟು ಹತ್ತಿಸಿಕೊಳ್ಳುತ್ತಿದ್ದರು. ಕಂಕುಳಲ್ಲಿ ಕೂಸಿದ್ದ ತಾಯಿಗೆ ಬೇಡಿಕೆ ಹೆಚ್ಚು, ಏಕೆಂದರೆ ಲೆಕ್ಕಕ್ಕೆ ಎರಡು ತಲೆ. ನಿಯಮ ಬರಿಯ ಸೋಗಾಯಿತೆಂದು ಅದನ್ನು ತೆಗೆದುಹಾಕಿದರು. ತೆಗೆದ ಮೇಲೆ ಸಂಜೆಯ ವೇಗ ಗಂಟೆಗೆ 21 ಕಿಲೋಮೀಟರಿನಿಂದ 11ಕ್ಕೆ ಇಳಿಯಿತೆಂದು ಅರ್ಥಶಾಸ್ತ್ರಜ್ಞರು 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಅಂದರೆ ಸೋಗು ಕೂಡ ಏನೋ ಕೆಲಸ ಮಾಡುತ್ತಿತ್ತು.

ಅದೇ ಸೀಟು. ಒಂದು ಊರಿನಲ್ಲಿ ಕುಳಿತವನು ಕೊಡುತ್ತಾನೆ, ಇನ್ನೊಂದರಲ್ಲಿ ಯಾರೂ ಕೊಡುವುದಿಲ್ಲ, ಮತ್ತೊಂದರಲ್ಲಿ ಕುಳಿತವನಿಗೇ ಕೊಡುತ್ತಿದ್ದರು. ವಾಷಿಂಗ್ಟನ್ನಿನ ಪದ್ಧತಿಯೇ ಎಲ್ಲಕ್ಕಿಂತ ಶುದ್ಧವೆಂದು ನಮ್ಮ ಹುಡುಗನ ವಾದ. ನನಗೇನೋ ಅದು ಒಗ್ಗುವುದಿಲ್ಲ. ದಿನಾ ಒಂದು ಗಂಟೆ ಒಬ್ಬ ಮನುಷ್ಯನ ಪಕ್ಕ ಕುಳಿತು ಅವನ ಮಗಳಿಗೆ ಗಂಡು ಗೊತ್ತಾಯಿತೇ ಇಲ್ಲವೇ ಎಂದೂ ತಿಳಿಯದೆ ಇಳಿದುಹೋಗುವುದು ಹಂಗಿಲ್ಲದ ಸ್ಥಿತಿ ಇರಬಹುದು, ಬೆಚ್ಚಗಿನ ಸ್ಥಿತಿಯಲ್ಲ.

ಪುಕ್ಕಟೆಯೆಲ್ಲ ಹಂಗಲ್ಲ ಎನ್ನುವುದನ್ನು ತೋರಿಸಿಕೊಟ್ಟವರು ಮೇಡಂ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದಾಗ ಯಜಮಾನರು, “ಈಗ ಸರ್ಕಾರದ ಹಂಗಿಗೆ ಬೀಳ್ತೀರಲ್ಲ” ಎಂದು ಕೆಣಕಿದರು. ಮೇಡಂ, “ಕಂಡಕ್ಟರು ನನ್ನ ಕೈಲಿ ಹೂಂ ಅನ್ನಿಸಿಕೊಳ್ಳೋದಿಲ್ಲವಲ್ಲ ಸರ್” ಎಂದರು. ಮುಂದಿನ ಸೀಟಿನಲ್ಲಿದ್ದ ನಾನು ಹೊರಗೆ ನೋಡತೊಡಗಿದೆ.

2024ರ ಬೇಸಿಗೆಯ ಒಂದು ರಾತ್ರಿ ಮೇಡಂ ಅವರ ತಂದೆಗೆ ಎದೆನೋವು ಬಂತು. ಅವರು ಫೋನು ಮಾಡಿದ್ದು ಯಜಮಾನರಿಗೆ. ಒಂದೂವರೆ ಗಂಟೆಯ ಹೊತ್ತಿಗೆ ಪಂಚೆಯಲ್ಲೇ ಹೊರಟವರು ಆಸ್ಪತ್ರೆಗೆ ಸೇರಿಸಿ ಬೆಳಗಿನವರೆಗೆ ಅಲ್ಲಿಯೇ ಬೆಂಚಿನ ಮೇಲೆ ಕುಳಿತಿದ್ದರು. ಮುದುಕರು ಉಳಿದರು. ಮೇಡಂ ಒಂದು ವಾರ ಬಿಟ್ಟು ಕಾರಿಗೆ ಬಂದು, ರೂಢಿಯಂತೆ ಆ ದಿನದ 75 ಬರೆದರು. ಧಾರವಾಡದ ಹುಡುಗನಿಗೆ ಎಲ್ಲವನ್ನೂ ಕೇಳುವ ಚಟ. “ಮೇಡಂ, ಆವತ್ತಿನ ರಾತ್ರೀದು ಬರೀಲಿಲ್ಲೇನ್ರಿ?” ಎಂದ. ಅವರು ಏನೂ ಹೇಳದೆ ಪುಸ್ತಕ ಮುಚ್ಚಿದರು. ಯಜಮಾನರು ಗೇರು ಬದಲಿಸಿದರು. ನಾನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ: ಆ ಪುಸ್ತಕ ಇರದಿದ್ದರೆ ಆ ರಾತ್ರಿ ಮೇಡಂ ಅವರಿಗೆ ಫೋನು ಮಾಡುತ್ತಿದ್ದರೆ? ಮೊದಲೇ ಇನ್ನೂರು ಮುನ್ನೂರು ಸವಾರಿಯ ಭಾರ ಹೊತ್ತವರು ಇನ್ನೊಂದನ್ನು ಕೇಳಲು ಹಿಂದೆಮುಂದೆ ನೋಡುತ್ತಿದ್ದರು. ಮಾಮೂಲಿ ದಿನಗಳ ಲೆಕ್ಕ ಅಂದಂದಿಗೆ ತೀರಿದ್ದರಿಂದಲೇ, ಲೆಕ್ಕಕ್ಕೆ ಸಿಗದ ಆ ಒಂದು ರಾತ್ರಿಯನ್ನು ಅವರು ಕೇಳಬಹುದಾಯಿತು, ಇವರು ಕೊಡಬಹುದಾಯಿತು. ಹಂಗನ್ನು ಪೂರ್ತಿ ತೊಲಗಿಸಲು ನೋಟುಪುಸ್ತಕಕ್ಕೆ ಆಗುವುದಿಲ್ಲ. ಯಾವ ಹಂಗನ್ನು ತಲೆಯೆತ್ತಿಕೊಂಡು ಹೊರಬಹುದು, ಯಾವುದನ್ನು ಹೊರಲಾಗದು ಎಂದು ಬೇರ್ಪಡಿಸಲು ಆದೀತು ಎಂದು ಈಗ ನನಗೆ ಅನ್ನಿಸುತ್ತದೆ.

2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗದ ಮೆಟ್ರೊ ಶುರುವಾಯಿತು. ಮೊದಮೊದಲು ಮೂರೇ ರೈಲು, ಇಪ್ಪತ್ತೈದು ನಿಮಿಷಕ್ಕೊಂದು. ಆದರೂ ಸಿಲ್ಕ್ ಬೋರ್ಡನ್ನು ಮೇಲಿನಿಂದ ನೋಡುತ್ತ ದಾಟುವ ಸುಖವನ್ನು ಬಿಡಲು ನಾವು ಯಾರೂ ಸಿದ್ಧರಿರಲಿಲ್ಲ. ಮೊದಲು ಹುಡುಗ, ಆಮೇಲೆ ನಾನು, ಕೊನೆಗೆ ಯಜಮಾನರೂ ಕಾರ್ಡು ಮಾಡಿಸಿದರು. ಗೇಟಿಗೆ ಕಾರ್ಡು ತೋರಿಸಿದರೆ ಬಾಗಿಲು ತೆರೆಯುತ್ತದೆ; ಹೂಂ ಎನ್ನಬೇಕಾಗಿಲ್ಲ, ಇಲ್ಲ ಎನ್ನಲೂ ಯಾರೂ ಇರುವುದಿಲ್ಲ. ಯಜಮಾನರು ಒಮ್ಮೊಮ್ಮೆ ಅದೇ ಡಬ್ಬಿಯಲ್ಲಿ ಸಿಕ್ಕಿ ಬಸ್ಸಿನವರನ್ನು ಬೈಯುತ್ತಾರೆ. ಕಂಬಿ ಹಿಡಿದು ನಿಂತೇ ನಾನು ಜಗಳಕ್ಕೆ ಬೀಳುತ್ತೇನೆ.

ನೋಟುಪುಸ್ತಕ ಮೇಡಂ ಹತ್ತಿರವೇ ಇದೆ. ಕೊನೆಯ ಪುಟದಲ್ಲಿ ನನ್ನ ಹೆಸರಿನಲ್ಲಿ ಮೂರು ದಿನದ ಬಾಕಿ, 225 ರೂಪಾಯಿ. ಹೋದ ತಿಂಗಳು ಸ್ಟೇಷನ್ನಿನಲ್ಲಿ ಸಿಕ್ಕಾಗ ತೆಗೆದು ಕೊಡಲು ಹೋದೆ.

“ಇರಲಿ ಬಿಡಿ ಸರ್,” ಎಂದರು ಮೇಡಂ, “ಮಳೆಗಾಲದಲ್ಲಿ ಒಂದು ದಿನ ರೈಲು ನಿಂತರೆ ಬೇಕಾಗುತ್ತೆ.”